ಉತ್ತರದ ಇಮೇಲಿನಲ್ಲಿ ಮುರಿದ ಸಾಲುಗಳು

ಇಮೇಲಿಗೆ ಉತ್ತರ ಬರೆಯುವಾಗ ಬಂದ ಮಾತನ್ನೂ ಜೊತೆಗಿಟ್ಟುಕೊಳ್ಳುವುದು ಹಳೆಯ ರೂಢಿ. ಬರಿಯ ಅಕ್ಷರಗಳ ಇಮೇಲಿನಲ್ಲಿ ಬಣ್ಣವಿಲ್ಲ, ದಪ್ಪಕ್ಷರವಿಲ್ಲ. ಹಾಗಾಗಿ ಎದುರಿನವರ ಪ್ರತಿ ಸಾಲಿನ ಮೊದಲಿಗೆ ‘>’ ಗುರುತು ಬೀಳುತ್ತದೆ. ಒಂದು ಗುರುತಿದ್ದರೆ ಹಿಂದಿನ ಪತ್ರದ ಮಾತು, ಎರಡಿದ್ದರೆ ಅದಕ್ಕೂ ಹಿಂದಿನದು, ಗುರುತಿಲ್ಲದ್ದು ಈಗ ಬರೆಯುತ್ತಿರುವವರದು. ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ನೋಡಿ:

> ಸಭೆ ಶನಿವಾರ ಹತ್ತು ಗಂಟೆಗೆ. ತಮಗೆ ಬರಲು ಆಗುವುದೇ
ಇಲ್ಲ
> ಎಂದಾದರೆ ಇಂದೇ ತಿಳಿಸಿ.

ನಡುವಿನ ‘ಇಲ್ಲ’ ಕರೆದವರದೇ ವಾಕ್ಯದ ತುಂಡು. ಆದರೆ ಗುರುತು ಕಳಚಿಕೊಂಡದ್ದರಿಂದ ಅದು ಕರೆಸಿಕೊಂಡವರ ಖಡಕ್ ಉತ್ತರದಂತೆ ಕಾಣುತ್ತದೆ.

ಇದಕ್ಕೆ ಕಾರಣ ಸಾಲಿನ ಅಗಲ. ಐಬಿಎಂ ಕಂಪನಿ 1928ರಲ್ಲಿ ತಂದ ರಂಧ್ರಪತ್ರದಲ್ಲಿ 80 ಅಂಕಣಗಳಿದ್ದವು. 1978ರ ವಿಟಿ100 ಟರ್ಮಿನಲ್ಲಿನ ಪರದೆಯ ಮಾಮೂಲಿ ಅಗಲವೂ 80 ಅಕ್ಷರಗಳೇ. ಇಮೇಲಿನ ಮಾನಕಗಳು ಸಾಲು 78 ಅಕ್ಷರ ದಾಟದಿದ್ದರೆ ಒಳ್ಳೆಯದು, 998ನ್ನಂತೂ ದಾಟಲೇಬಾರದು ಎನ್ನುತ್ತವೆ. 72 ಅಕ್ಷರಗಳ ಸಾಲಿಗೆ ಪ್ರತಿ ಉತ್ತರದಲ್ಲೂ ಒಂದು ಗುರುತು, ಒಂದು ಖಾಲಿ ಜಾಗ ಸೇರುತ್ತಾ ಹೋದರೆ ಮೂರನೆಯ ಉತ್ತರಕ್ಕೆ 78 ತುಂಬುತ್ತದೆ, ನಾಲ್ಕನೆಯದಕ್ಕೆ ಮೀರುತ್ತದೆ. ಆಗ ತಂತ್ರಾಂಶ ಕೊನೆಯ ಪದವನ್ನು ಕೆಳಗೆ ತಳ್ಳುತ್ತದೆ. ಉದ್ದ ಸಾಲು, ಗಿಡ್ಡ ಸಾಲು, ಮತ್ತೆ ಉದ್ದ ಸಾಲು ಹೀಗೆ ಬಂದು ಪುಟದ ಅಂಚು ಗರಗಸದ ಹಲ್ಲಿನಂತಾಗುತ್ತದೆ.

ಕೈಯಿಂದ ಸರಿಪಡಿಸುವವರ ಕೆಲಸ ಮೂರು ಹಂತದ್ದು: ಗುರುತುಗಳನ್ನು ತೆಗೆಯುವುದು, ಸಾಲುಗಳನ್ನು ಕೂಡಿಸಿ ಹೊಸದಾಗಿ ಮುರಿಯುವುದು, ಪ್ರತಿ ಸಾಲಿಗೂ ಅಷ್ಟೇ ಗುರುತುಗಳನ್ನು ಮರಳಿ ಹಾಕುವುದು. ವಿಮ್ ಸಂಪಾದಕದಲ್ಲಿ ‘ಜಿ’, ‘ಕ್ಯೂ’ ಕೀಲಿಗಳ ಆಜ್ಞೆ ಇದನ್ನು ಒಂದೇ ಏಟಿಗೆ ಮಾಡುತ್ತದೆ. ಆಡಮ್ ಕಾಸ್ಟೆಲೊ ಬರೆದ ‘ಪಾರ್’ ಎಂಬ ಪುಟ್ಟ ತಂತ್ರಾಂಶವೂ ಸಾಲಿನ ಮುಂದಿನ ಗುರುತುಗಳನ್ನು ಗುರುತಿಸಿ ಉಳಿಸಿಕೊಂಡೇ ಪ್ಯಾರಾ ಜೋಡಿಸುತ್ತದೆ. ಯಾವ ಸಾಧನ ಬಳಸಿದರೂ ಒಂದು ಗುರುತಿನ ಸಾಲನ್ನು ಎರಡು ಗುರುತಿನ ಸಾಲಿನೊಡನೆ ಬೆರೆಸಬಾರದು, ಎದುರಿನವರ ಪದಗಳನ್ನು ತಿದ್ದಬಾರದು.

ಬೇರಿನಲ್ಲೇ ಮದ್ದು ಹಾಕುವ ಪ್ರಯತ್ನವೂ ನಡೆಯಿತು. 1999ರಲ್ಲಿ ರೂಪುಗೊಂಡು 2004ರಲ್ಲಿ ಪರಿಷ್ಕೃತವಾದ ‘ಫಾರ್ಮ್ಯಾಟ್ ಫ್ಲೋಡ್’ ವಿಧಾನದಲ್ಲಿ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಬಿಟ್ಟರೆ ‘ಮಾತು ಇನ್ನೂ ಮುಗಿದಿಲ್ಲ’ ಎಂದರ್ಥ. ಓದುವವರ ತಂತ್ರಾಂಶ ಅಂಥ ಸಾಲುಗಳನ್ನು ಕೂಡಿಸಿ, ಪರದೆಯ ಅಗಲಕ್ಕೆ ತಕ್ಕಂತೆ ಮುರಿದು, ಗುರುತುಗಳನ್ನು ತಾನೇ ಎಣಿಸಿ ಹಾಕುತ್ತದೆ. ಹಳೆಯ ತಂತ್ರಾಂಶದಲ್ಲೂ ಪತ್ರ ಓದಲು ಬರುತ್ತದೆ. ಕೊನೆಯ ಖಾಲಿ ಜಾಗ ಯಾರ ಕಣ್ಣಿಗೂ ಬೀಳದು.

ಕನ್ನಡ ಬರೆಯುವವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ‘ಕನ್ನಡ’ ಎಂಬಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟು. ‘ಕೋಟೆಡ್ ಪ್ರಿಂಟಬಲ್’ ರೂಪದಲ್ಲಿ ಸಾಗಿಸಿದರೆ ಅದೇ ಪದ 45 ಚಿಹ್ನೆಗಳಾಗುತ್ತದೆ, ಅಲ್ಲಿ ಒಂದು ಸಾಲಿಗೆ 76ರ ಮಿತಿ. ಹೀಗಾಗಿ ಸಂಕೇತಗಳನ್ನು ಎಣಿಸಿ ಮುರಿಯುವ ತಂತ್ರಾಂಶದಲ್ಲಿ ಒತ್ತಕ್ಷರ ಹೆಚ್ಚಿರುವ ಕನ್ನಡ ಸಾಲುಗಳು ಬೇಗ ಮುರಿದು ಗಿಡ್ಡವಾಗುತ್ತವೆ. ಕನ್ನಡದ ಪತ್ರವನ್ನು ಕೈಯಿಂದ ಮುರಿಯದೆ, ಪ್ಯಾರಾ ಮುಗಿದಾಗ ಮಾತ್ರ ಎಂಟರ್ ಒತ್ತುವುದು ಸುರಕ್ಷಿತ.

ಮುರಿಯಲೇಬಾರದ ಬರಹವೂ ಇದೆ. ಪದ್ಯ, ಪಟ್ಟಿ, ಜಾಲವಿಳಾಸ, ಪ್ರೋಗ್ರಾಮಿನ ಸಾಲುಗಳನ್ನು ಇದ್ದಂತೆಯೇ ಬಿಡಬೇಕು. ಲಿನಕ್ಸ್ ಕರ್ನಲ್ ತಿದ್ದುಪಡಿಗಳು ಇಂದಿಗೂ ಇಮೇಲಿನಲ್ಲೇ ಓಡಾಡುತ್ತವೆ. ಅಲ್ಲಿ ಒಂದು ಸಾಲು ಮುರಿದರೂ ತಿದ್ದುಪಡಿ ಕೂರುವುದಿಲ್ಲ. ಅದಕ್ಕೇ ಆ ಯೋಜನೆಯ ಕೈಪಿಡಿ ‘ಫಾರ್ಮ್ಯಾಟ್ ಫ್ಲೋಡ್’ ಬಳಸಬೇಡಿ ಎನ್ನುತ್ತದೆ.

ಇಂದಿನ ಎಚ್‌ಟಿಎಂಎಲ್ ಇಮೇಲಿನಲ್ಲಿ ‘>’ ಬದಲು ಎಡಗಡೆ ಒಂದು ಉದ್ದಗೆರೆ ಇರುತ್ತದೆ, ಸಾಲುಗಳು ಪರದೆಗೆ ತಕ್ಕಂತೆ ತಾವೇ ಮಡಚಿಕೊಳ್ಳುತ್ತವೆ. ಆದರೂ ನಡುವೆ ಉತ್ತರ ಬರೆಯುವವರು ಆ ಗೆರೆಯನ್ನು ಎಂಟರ್ ಒತ್ತಿ ಎರಡಾಗಿ ಸೀಳಬೇಕು. ಇಲ್ಲದಿದ್ದರೆ ತಮ್ಮ ಮಾತೂ ಅದರೊಳಗೇ ಸೇರಿಬಿಡುತ್ತದೆ. 1995ರ ಇಂಟರ್ನೆಟ್ ಶಿಷ್ಟಾಚಾರದ ದಾಖಲೆ ಆರ್‌ಎಫ್‌ಸಿ 1855, ಸಂದರ್ಭ ತಿಳಿಯುವಷ್ಟೇ ಹಳೆಯ ಮಾತನ್ನು ಉಳಿಸಿಕೊಳ್ಳಿ ಎಂದಿದೆ. ಹಾಗೆ ಕತ್ತರಿಸಿದರೆ ಜೋಡಿಸಬೇಕಾದ ಸಾಲುಗಳೂ ಕಡಿಮೆಯಾಗುತ್ತವೆ. ಬಿಟ್ಟ ಕಡೆ ಮೂರು ಚುಕ್ಕಿ ಇಟ್ಟರೆ ಮಾತು ಆಡಿದವರಿಗೂ ಅದು ತಿಳಿಯುತ್ತದೆ.