ಗಾಲಿಯ ಹಿಡಿತ

ಹಿರೇಹಡಗಲಿಯಲ್ಲಿ ಇಳಿಜಾರಿಗೆ ಬಂದ ಬರಿಯ ಚಕ್ಕಡಿಯ ಗಾಲಿಗೆ ಬಲವಾಗಿ ತಡೆಯೊತ್ತಿದರೆ, ಗಾಲಿ ತಿರುಗುವುದನ್ನು ಬಿಟ್ಟು ಜಾರತೊಡಗುವುದನ್ನು ನಾನು ಕಂಡಿದ್ದೇನೆ. ಹೇರು ತುಂಬಿದ ಗಾಲಿ ಹಾಗೆ ಬೇಗನೆ ಜಾರದು. ಗಾಲಿ ನೆಲವನ್ನು ಹಿಡಿಯುವುದು ತಾನು ಹೊತ್ತ ಭಾರಕ್ಕೆ ತಕ್ಕಷ್ಟೆ. ಕನ್ನಡ ಪಾಠ ಹೇಳುವ ನನಗೆ ವಿಮಾನದ ಟೈರಿನ ಗಣಿತ ತಿಳಿದದ್ದು ಈ ಚಕ್ಕಡಿಯಿಂದಲೇ.

ವಿಮಾನ ನೆಲ ಮುಟ್ಟಿದ ಮೇಲೂ ರೆಕ್ಕೆಗಳು ಅದನ್ನು ಎತ್ತಿ ಹಿಡಿದಿರುತ್ತವೆ. 60 ಟನ್ ತೂಕದಲ್ಲಿ ಅರ್ಧವನ್ನು ರೆಕ್ಕೆಗಳೇ ಹೊತ್ತವೆನ್ನೋಣ. ಟೈರುಗಳ ಪಾಲು 30 ಟನ್. ಘರ್ಷಣೆಯ ಅಂಕ ಅರ್ಧವಾದರೆ ತಡೆಯುವ ಬಲ 15 ಟನ್ನನ್ನು ಮೀರದು. ಭಾರವೆಲ್ಲ ಗಾಲಿಗಿಳಿದರೆ ಅದು 30 ಆಗುತ್ತದೆ. ಆದುದರಿಂದಲೇ ಇಳಿದೊಡನೆ ರೆಕ್ಕೆಯ ಮೇಲಿನ ಹಲಗೆಗಳು ಎದ್ದು ನಿಂತು ಎತ್ತುವ ಬಲವನ್ನು ಕೆಡಿಸುತ್ತವೆ. ಒದ್ದೆ ನೆಲದಲ್ಲಿ ಘರ್ಷಣೆಯ ಅಂಕವೇ ಕುಗ್ಗುತ್ತದೆ.

2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ, ಬಜಪೆಯ ಓಡುದಾರಿಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಮುಂದೆ ಉಳಿದಿದ್ದುದು ಸುಮಾರು 2,800 ಅಡಿ. ಬ್ರೇಕು ಹಿಡಿದ ಕೆಲವೇ ಕ್ಷಣಗಳಲ್ಲಿ ಮತ್ತೆ ಮೇಲೇರುವ ಯತ್ನ ನಡೆಯಿತು. 158 ಮಂದಿ ಮಡಿದರು. ನೆಲ ಮುಟ್ಟಿದೊಡನೆ ಬ್ರೇಕನ್ನೂ ಎಂಜಿನ್ನಿನ ಹಿನ್ನೂಕನ್ನೂ ಪೂರ್ಣವಾಗಿ ಬಳಸಿದ್ದರೆ, ಓಡುದಾರಿಯೊಳಗೇ ವಿಮಾನ ನಿಲ್ಲಬಹುದಾಗಿತ್ತೆಂದು ತನಿಖಾ ವರದಿ ಹೇಳಿತು.

ಕಾಗದದ ಮೇಲೆ ಒಂದು ಅಂಕವಾಗಿ ಕಾಣುವ ಹಿಡಿತವನ್ನು, ಕಣ್ಣೆದುರು ಕಣಿವೆ ಕಂಡಾಗ ನಂಬುವುದು ಎಷ್ಟು ಕಠಿಣ! ಆ ವರದಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಮಿಡುಕುತ್ತದೆ.