ನಿದ್ರೆಗೆಟ್ಟು ದುಡಿಯುವವರು

'ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬುದು ನಮ್ಮ ಊರ ಕಡೆಯ ಗಾದೆ. ಮುಂಬಯಿಯ ಯಾವುದಾದರೊಂದು ಉಡುಪಿ ಹೊಟೇಲಿನ ಅಟ್ಟವನ್ನು ಮಧ್ಯಾಹ್ನ ಮೂರರ ಸುಮಾರಿಗೆ ಏರಿ ನೋಡಿದವರಿಗೆ ಈ ಗಾದೆ ಪೂರ್ಣ ಸತ್ಯವಲ್ಲವೆಂದು ತಿಳಿದೀತು. ಅಕ್ಕಿಮೂಟೆ, ಎಣ್ಣೆ ಡಬ್ಬಗಳ ನಡುವೆ ಅಂಗಿ ಕಳಚಿ ಬಿದ್ದುಕೊಂಡಿರುವ ಮಾಣಿಗಳಿಗೆ ಚಿಂತೆಯಿಲ್ಲವೆಂದಲ್ಲ. ಊರಿನ ಸೊಸಾಯಿಟಿಯ ಸಾಲವಿದೆ, ತಂಗಿಯ ಮದುವೆಯಿದೆ, ಸೋರುವ ಮನೆಯಿದೆ. ಆದರೂ ಕೆಳಗೆ ಗ್ರೈಂಡರು ಗುಡುಗುತ್ತಿರುವಾಗಲೇ ಅವರಿಗೆ ಗಾಢನಿದ್ರೆ ಹತ್ತುತ್ತದೆ. ಅದು ನೆಮ್ಮದಿಯ ನಿದ್ರೆಯಲ್ಲ, ಬಾಕಿ ವಸೂಲಿಗೆ ಬಂದ ನಿದ್ರೆ.

ಈ ಬಾಕಿ ಬೆಳೆಯುವ ಬಗೆಯನ್ನು ಗಲ್ಲೆಯಲ್ಲಿ ಕುಳಿತವರೆಲ್ಲರೂ ಬಲ್ಲರು. ಬೆಳಿಗ್ಗೆ ಆರಕ್ಕೆ ಇಡ್ಲಿ ಸಿದ್ಧವಾಗಬೇಕಾದರೆ ನಾಲ್ಕೂವರೆಗೆ ಒಲೆ ಹೊತ್ತಬೇಕು. ರಾತ್ರಿ ಹನ್ನೊಂದಕ್ಕೆ ಶಟರು ಎಳೆದ ಮೇಲೆಯೂ ನೆಲ ತೊಳೆಯುವುದಿದೆ, ಪಾತ್ರೆ ಕವುಚುವುದಿದೆ, ಹುಡುಗರ ಊಟವಿದೆ. ತಲೆ ನೆಲಕ್ಕೆ ತಾಗುವಾಗ ಹನ್ನೆರಡೂವರೆ ಕಳೆದಿರುತ್ತದೆ. ನಡುವೆ ಮೂರು ನಾಲ್ಕು ತಾಸು ಬಿಡುವು ಕೊಟ್ಟಿರುವುದರಿಂದ ದುಡಿದ ತಾಸುಗಳ ಲೆಕ್ಕ ಕಾಗದದ ಮೇಲೆ ಹೆಚ್ಚೇನೂ ಕಾಣುವುದಿಲ್ಲ. ಆದರೆ ದಿನವನ್ನು ಹೀಗೆ ಎರಡು ತುಂಡಾಗಿ ಕಡಿದಾಗ ರಾತ್ರಿಯೂ ತುಂಡಾಗುತ್ತದೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾರಕೂನ ಬಂಧುಗಳ ಪಾಡು ಬೇರೆ ತೆರನಾದುದು. ಚರ್ಚ್‌ಗೇಟಿನಿಂದ ವಿರಾರಿಗೆ 60 ಕಿಲೋಮೀಟರು. ಬಾಡಿಗೆಯ ಭಯದಿಂದ ವಸಾಯಿ, ನಾಲಾಸೋಪಾರಾ, ಡೊಂಬಿವಲಿಗಳಲ್ಲಿ ಖೋಲಿ ಹಿಡಿದವರು ನಿದ್ರೆಯ ತಾಸುಗಳನ್ನೇ ಕೊಯ್ದು ರೈಲಿಗೆ ಕೊಡುತ್ತಾರೆ. ನಲ್ಲಿಗೆ ನೀರು ಬರುವ ವೇಳೆ ನಸುಕಿನದಾದರೆ ಮನೆಯಾಕೆಗೆ ಅದೂ ಇಲ್ಲ. ಲೋಕಲ್ ಗಾಡಿಯಲ್ಲಿ ನಿಂತಲ್ಲಿಯೇ ಕಣ್ಣು ಮುಚ್ಚಿ, ತನ್ನ ಸ್ಟೇಷನ್ನು ಬಂದಾಗ ತಾನಾಗಿ ತೆರೆಯುವ ವಿದ್ಯೆಯನ್ನು ಈ ನಗರವು ಎಲ್ಲರಿಗೂ ಕಲಿಸಿದೆ. ಅದನ್ನು ಜಾಣತನವೆಂದು ಹೊಗಳುವವರಿದ್ದಾರೆ. ನನಗೆ ಅದು ಶರೀರದ ಮೊರೆಯಾಗಿ ತೋರುತ್ತದೆ.

ನಿದ್ರೆಯನ್ನು ಎರಡು ಶಕ್ತಿಗಳು ಆಳುತ್ತವೆಂದು ವಿಜ್ಞಾನಿಗಳು ಹೇಳುತ್ತಾರೆ. ಒಂದು, ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಶೇಖರವಾಗುತ್ತ ಹೋಗುವ ಅಡಿನೋಸಿನ್ ಎಂಬ ದ್ರವ್ಯ. ನಿದ್ರಿಸಿದಾಗ ಅದು ಇಳಿಯುತ್ತದೆ. ಇನ್ನೊಂದು, ಹಗಲು ಬೆಳಕನ್ನು ನೋಡಿಕೊಂಡು ನಡೆಯುವ ಒಳಗಡಿಯಾರ. ಈ ಗಡಿಯಾರದ ಯಂತ್ರರಹಸ್ಯವನ್ನು ಬಿಡಿಸಿದ ಮೂವರು ಅಮೇರಿಕನ್ ವಿದ್ವಾಂಸರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಸುಕಿನಲ್ಲಿ ಮೂರರಿಂದ ಐದರವರೆಗೆ ಈ ಗಡಿಯಾರವು ದೇಹವನ್ನು ತೀರ ಕೆಳಕ್ಕೆ ಇಳಿಸಿರುತ್ತದೆ. ನಮ್ಮ ಹುಡುಗರು ಕುದಿಯುವ ನೀರಿನ ಹಂಡೆ ಎತ್ತುವುದು ಸರಿಯಾಗಿ ಅದೇ ವೇಳೆಗೆ. ಇನ್ನು ನಾವು ಊರಿಗೆಲ್ಲ ಮಾರುವ ಚಹಾ ಕಾಫಿಗಳು ಆಯಾಸವನ್ನು ಕಳೆಯುವುದಿಲ್ಲ. ಅವುಗಳೊಳಗಿನ ಕೆಫೀನು ಅಡಿನೋಸಿನ್ ಕೂಡಬೇಕಾದ ಜಾಗದಲ್ಲಿ ತಾನು ಹೋಗಿ ಕೂಡುತ್ತದೆ, ಅಷ್ಟೆ. ಕುಡಿದುದರಲ್ಲಿ ಅರ್ಧದಷ್ಟು ಐದು ತಾಸುಗಳ ಮೇಲೂ ರಕ್ತದಲ್ಲಿ ಉಳಿದಿರುವುದರಿಂದ, ರಾತ್ರಿ ಎಂಟರ ಕಟಿಂಗ್ ಚಹಾ ಒಂದು ಗಂಟೆಯವರೆಗೂ ಕಾವಲು ಕುಳಿತಿರುತ್ತದೆ.

'ನನಗೆ ಐದು ತಾಸು ಸಾಕು, ರೂಢಿಯಾಗಿದೆ' ಎಂದು ಎದೆ ತಟ್ಟಿಕೊಳ್ಳುವವರು ನಮ್ಮಲ್ಲಿ ಅನೇಕರು. 2003ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಅವರು ಕೇಳಬೇಕು. ಎರಡು ವಾರ ದಿನಕ್ಕೆ ಆರೇ ತಾಸು ಮಲಗಲು ಬಿಟ್ಟವರ ಚುರುಕುತನವು, ಪೂರಾ ನಿದ್ರೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ವಿಚಿತ್ರವೆಂದರೆ ತಾವು ಅಷ್ಟು ಮಂದವಾಗಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. 1997ರ ಆಸ್ಟ್ರೇಲಿಯಾದ ಇನ್ನೊಂದು ಪರೀಕ್ಷೆಯಲ್ಲಿ, 17 ತಾಸು ಎಚ್ಚರವಿದ್ದವನ ಕೈ ಕಣ್ಣುಗಳು ರಕ್ತದಲ್ಲಿ ಶೇಕಡಾ 0.05 ಮದ್ಯವುಳ್ಳವನಂತೆ ವರ್ತಿಸಿದವು. ನಮ್ಮ ದೇಶದ ಮೋಟಾರು ಕಾಯಿದೆ ಚಾಲಕನಿಗೆ ಹಾಕಿರುವ ಮಿತಿ ಶೇಕಡಾ 0.03. ನಾಲ್ಕೂವರೆಗೆ ಎದ್ದು ಮಧ್ಯಾಹ್ನದ ಕೋಳಿನಿದ್ದೆಯೂ ತಪ್ಪಿದವನಿಗೆ 17 ತಾಸು ತುಂಬುವುದು ರಾತ್ರಿ ಒಂಬತ್ತೂವರೆಗೆ, ಊಟದ ಗಿರಾಕಿಗಳ ನೂಕುನುಗ್ಗಲಿನ ನಡುವೆ.

ದೂರದ ಪ್ರಯೋಗಗಳ ಮಾತು ಬೇಡವೆನ್ನುವವರಿಗೆ ನಮ್ಮ ಜಿಲ್ಲೆಯದೇ ಆದ ಒಂದು ದುಃಖದ ನೆನಪಿದೆ. 2010ರ ಮೇ 22ರಂದು ದುಬಾಯಿಯಿಂದ ರಾತ್ರಿಯಿಡೀ ಹಾರಿ ಬಂದ ವಿಮಾನವು ಬೆಳಗಿನ ಆರು ದಾಟಿದ ಕೂಡಲೇ ಬಜಪೆಯ ಗುಡ್ಡದ ಮೇಲಿನ ಹಾದಿಯನ್ನು ಮೀರಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ ಉಳಿದವರು ಎಂಟು ಮಂದಿ. ತೀರಿಕೊಂಡವರಲ್ಲಿ ನಮ್ಮಂತೆಯೇ ಹೊಟ್ಟೆಪಾಡಿಗೆ ಸಮುದ್ರ ದಾಟಿದ್ದ ಕರಾವಳಿಯವರು ಬಹಳ. ತನಿಖೆ ನಡೆಸಿದವರು ವಿಮಾನದ ಧ್ವನಿಮುದ್ರಿಕೆಯನ್ನು ಆಲಿಸಿದಾಗ, ಮೊದಲ ನೂರು ನಿಮಿಷಗಳಲ್ಲಿ ಕೇಳಿಸಿದ್ದು ಕ್ಯಾಪ್ಟನನ ಗೊರಕೆ. ಎಚ್ಚತ್ತ ಮೇಲೆಯೂ ಅವನ ಬುದ್ಧಿಗೆ ಕವಿದಿದ್ದ ಮಂಪರು ಹರಿದಿರಲಿಲ್ಲ. 'ಇಳಿಸಬೇಡಿ, ಸುತ್ತು ಹಾಕೋಣ' ಎಂದು ಜತೆಯವನು ಮೂರು ಸಲ ಎಚ್ಚರಿಸಿದರೂ ಅವನು ಇಳಿಸಿದ. ನಿದ್ರೆಯಿಂದ ಎದ್ದ ತಕ್ಷಣದ ಈ ಜಡತೆಯನ್ನು ತನಿಖಾ ವರದಿಯು ಸ್ಪಷ್ಟವಾಗಿ ಹೆಸರಿಸಿದೆ. ಕೆಲಸದ ಅನುಭವವಾಗಲಿ ಪದವಿಯಾಗಲಿ ಅದರ ಮುಂದೆ ನಿಲ್ಲಲಿಲ್ಲ.

ಹೊಟೇಲಿನ ಅಪಘಾತಗಳು ಪತ್ರಿಕೆಗೆ ಬರುವುದಿಲ್ಲ. ಸಾಂಬಾರು ಚೆಲ್ಲಿ ಪಾದ ಬೆಂದುದು, ಈರುಳ್ಳಿಯ ಬದಲು ಬೆರಳು ಕೊಯ್ದುದು, ಬಿಲ್ಲಿನಲ್ಲಿ ಒಂದು ಸೊನ್ನೆ ಜಾರಿದುದು ಎಲ್ಲವೂ 'ಹುಡುಗನ ಅಜಾಗ್ರತೆ' ಎಂಬ ಖಾತೆಗೆ ಜಮೆಯಾಗುತ್ತವೆ. ನಾನು ಹೊಟೇಲು ನಡೆಸುತ್ತಿದ್ದಾಗ ಒಡೆದ ಗ್ಲಾಸುಗಳನ್ನು ವೇಳೆಸಹಿತ ಬರೆದಿಡುತ್ತಿದ್ದೆ. ಬಿರುಸಿನ ವ್ಯಾಪಾರದ ಹೊತ್ತಿಗಿಂತ ತೆರೆಯುವ ಹೊತ್ತಿನಲ್ಲಿ ಮತ್ತು ಮುಚ್ಚುವ ಹೊತ್ತಿನಲ್ಲಿ ಹೆಚ್ಚು ಒಡೆಯುತ್ತಿದ್ದವು. ದೇಹದೊಳಗೆ ಒಡೆಯುವುದಕ್ಕೆ ಮಾತ್ರ ಸದ್ದಿಲ್ಲ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಹನ್ನೊಂದು ಮಂದಿ ಆರೋಗ್ಯವಂತ ತರುಣರನ್ನು ಆರು ರಾತ್ರಿ ನಾಲ್ಕೇ ತಾಸು ಮಲಗಿಸಿದಾಗ, ಅವರ ರಕ್ತದ ಸಕ್ಕರೆ ಮಧುಮೇಹದ ಹೊಸ್ತಿಲಲ್ಲಿರುವವರಂತಾಯಿತೆಂದು 1999ರಲ್ಲಿ ವರದಿಯಾಯಿತು. ನಲವತ್ತರೊಳಗೆ ಸಕ್ಕರೆಕಾಯಿಲೆಯ ಗುಳಿಗೆ ನುಂಗುವ ನಮ್ಮ ಅಡಿಗೆಯವರನ್ನು ಕಂಡಾಗ ಈ ಮಾತು ನೆನಪಾಗುತ್ತದೆ. ನಿದ್ರೆ ಕೆಟ್ಟವನಿಗೆ ಎಣ್ಣೆ ಸಿಹಿಗಳ ಮೇಲೆ ಆಸೆ ಹೆಚ್ಚು, ನಮ್ಮ ಬಳಿ ಎರಡಕ್ಕೂ ಬರವಿಲ್ಲ.

ರಾತ್ರಿಶಾಲೆಗಳ ಮಾತನ್ನೂ ಆಡಲೇಬೇಕು. 1908ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆ ಆರಂಭವಾದಂದಿನಿಂದ, ಹಗಲು ಟೇಬಲು ಒರೆಸಿ ರಾತ್ರಿ ಅಕ್ಷರ ಕಲಿತು ಮೇಲೆ ಬಂದವರ ಕಥೆ ಮುಂಬಯಿ ಕನ್ನಡಿಗರ ಹೆಮ್ಮೆಯ ಕಥೆ. ಅವರು ಅದಕ್ಕಾಗಿ ತೆತ್ತುದು ನಿದ್ರೆಯನ್ನು. ಹದಿನೇಳು ಹದಿನೆಂಟರ ಹುಡುಗನಿಗೆ ಎಂಟು ತಾಸಾದರೂ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ, ಕಲಿತುದು ನೆನಪಿನಲ್ಲಿ ಊರುವುದೂ ನಿದ್ರೆಯಲ್ಲಿಯೇ. ಆದುದರಿಂದ ಓದುವ ಹುಡುಗನಿಗೆ ಪುಸ್ತಕ ಕೊಡಿಸುವ ಧಣಿಯು ಅವನ ನಸುಕಿನ ಪಾಳಿಯನ್ನೂ ಬಿಡಿಸಿದರೆ ಮಾತ್ರ ದಾನ ಪೂರ್ಣವಾಗುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2024ರ ಎಪ್ರಿಲಿನಲ್ಲಿ ಮುಂಬಯಿ ಹೈಕೋರ್ಟು, ಒಬ್ಬ ಹಿರಿಯ ವ್ಯಾಪಾರಿಯನ್ನು ತನಿಖಾಧಿಕಾರಿಗಳು ರಾತ್ರಿ ಹತ್ತೂವರೆಯಿಂದ ಮೂರರವರೆಗೆ ಕೂಡಿಸಿ ಹೇಳಿಕೆ ಪಡೆದುದನ್ನು ಆಕ್ಷೇಪಿಸಿ, ನಿದ್ರೆಯು ಮನುಷ್ಯನ ಮೂಲ ಅವಶ್ಯಕತೆಯೆಂದು ಸಾರಿತು. ಆರೋಪಿಗೆ ಇರುವ ಈ ಹಕ್ಕು ಇಡ್ಲಿ ಬೇಯಿಸುವವನಿಗೂ ಇರಬೇಕಷ್ಟೆ. ಮಹಾರಾಷ್ಟ್ರದ 2017ರ ಅಂಗಡಿ ಕಾಯಿದೆಯು ಇಪ್ಪತ್ತನಾಲ್ಕು ತಾಸು ವ್ಯಾಪಾರಕ್ಕೆ ದಾರಿ ತೆರೆದಾಗಲೂ ನೌಕರನ ವಾರದ ರಜೆಯನ್ನು ಕಡ್ಡಾಯವಾಗಿಯೇ ಇರಿಸಿತು.

ಹೆಚ್ಚಿನ ಖರ್ಚಿಲ್ಲದ ಒಂದು ನಿಯಮ ಸಾಕೆಂದು ನನ್ನ ಅಭಿಪ್ರಾಯ: ಬಾಗಿಲು ತೆರೆದವನು ಬಾಗಿಲು ಮುಚ್ಚಬಾರದು. ಪಾಳಿಯ ಪಟ್ಟಿಯಲ್ಲಿ ಒಂದೇ ಹೆಸರು ಎರಡೂ ತುದಿಯಲ್ಲಿ ಇರದಂತೆ ಬರೆದರೆ ಆಯಿತು. ಅಟ್ಟಕ್ಕೆ ಒಂದು ಫ್ಯಾನು, ಒಲೆಯ ಕಾವು ಹೊರಹೋಗಲು ಒಂದು ಕಿಂಡಿ, ಸಂಜೆ ಆರರ ಮೇಲೆ ಹುಡುಗರಿಗೆ ಚಹಾದ ಬದಲು ಮಜ್ಜಿಗೆ. ಇಲ್ಲಿ ಒಂದು ತೊಡಕನ್ನು ಮುಚ್ಚಿಡಲಾಗದು. ಎರಡು ಪಾಳಿ ಬೇಡವೆಂದಾಗ ಮೊದಲು ಗೊಣಗುವವರು ಹುಡುಗರೇ. ಹೆಚ್ಚುವರಿ ಸಂಬಳದಿಂದಲೇ ಊರಿನ ಮನೆಗೆ ಹಂಚು ಏರಬೇಕಾಗಿದೆ. ಆದುದರಿಂದ ಪಾಳಿ ಕಡಿಯುವ ಧಣಿಯು ಒಂದು ಪಾಳಿಯ ಸಂಬಳವನ್ನು ಹೊಟ್ಟೆ ತುಂಬುವಷ್ಟು ಮಾಡದೆ ಗತ್ಯಂತರವಿಲ್ಲ. ಹೊಟೇಲು ಮಾಲಕರ ಮುಂದಿನ ಸಭೆಯಲ್ಲಿ ದೋಸೆಯ ದರದ ಜತೆಗೆ ಇದೂ ಚರ್ಚೆಗೆ ಬರಲಿ.