ಗುರುವಿನ ಅಂಕಣ, ಶಿಷ್ಯನ ಮಂದಿರ

ಅಮೆರಿಕದ ನಡುನಾಡಾದ ಕಾನ್ಸಾಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದಲ್ಲಿ, ಅಲ್ಲಿಯ ವಿಶ್ವವಿದ್ಯಾನಿಲಯದ ಆವರಣದೊಳಗೆ, ಹೊರನೋಟಕ್ಕೆ ಆಟದ ಮನೆಯೆನ್ನುವುದಕ್ಕಿಂತ ಸೇನೆಯ ಉಗ್ರಾಣವೆಂದೇ ತೋರುವ, ಸುಣ್ಣಶಿಲೆಯ ಗೋಡೆಗಳ ಬೃಹತ್ ಕಟ್ಟಡವೊಂದಿದೆ. ಅಲೆನ್ ಫೀಲ್ಡ್‌ಹೌಸ್ ಎಂಬ ಈ ಒಳಾಂಗಣ ಕ್ರೀಡಾಂಗಣದ ಹುಟ್ಟಿಗೂ ಸೇನೆಗೂ ಸಂಬಂಧವಿಲ್ಲದಿಲ್ಲ. ಕೊರಿಯಾ ಯುದ್ಧದ ಕಾಲದಲ್ಲಿ ಉಕ್ಕಿಗೆ ಅಭಾವವುಂಟಾಗಿ, ಚೆಂಡಾಟದ ಸಲುವಾಗಿ ಅದನ್ನು ಕೇಳಿದರೆ ದೊರೆಯುವ ಸಂಭವವೇ ಇಲ್ಲವಾದುದರಿಂದ, ಕಟ್ಟಡವು ಶಸ್ತ್ರಾಗಾರವಾಗಿಯೂ ಉಪಯೋಗಕ್ಕೆ ಬರುವುದೆಂದು ತೋರಿಸಿ ಅಧಿಕಾರಿಗಳು ಅನುಮತಿಯನ್ನು ಪಡೆದರು. ಅರ್ಜಿ ಬರೆಯುವ ಜಾಣ್ಮೆ ನಮ್ಮವರಿಗೆ ಮಾತ್ರ ಒಲಿದುದೇನೂ ಅಲ್ಲ!

1955ರ ಮಾರ್ಚ್ 1ರಂದು, ಅದೇ ಸಂಸ್ಥಾನದ ಕಾನ್ಸಾಸ್ ಸ್ಟೇಟ್ ತಂಡವನ್ನು 77-67 ಅಂಕಗಳಿಂದ ಸೋಲಿಸುವುದರೊಂದಿಗೆ ಇದರ ಪ್ರಾರಂಭೋತ್ಸವವು ನಡೆಯಿತು. ಕಟ್ಟಡಕ್ಕೆ ಶಿಷ್ಯನ ಹೆಸರು, ಒಳಗಿನ ಮರದ ಅಂಕಣಕ್ಕೆ ಗುರುವಿನ ಹೆಸರು. ಗುರು ಜೇಮ್ಸ್ ನೈಸ್ಮಿತ್, 1891ರಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಕಲ್ಪಿಸಿದಾತ; 1898ರಲ್ಲಿ ಇಲ್ಲಿಗೆ ಬಂದು ಮೊದಲ ತರಬೇತುದಾರನಾದನು. ಆದರೆ ಆಟದ ಜನಕನೇ ನಡೆಸಿದ ತಂಡವು 55 ಬಾರಿ ಗೆದ್ದು 60 ಬಾರಿ ಸೋತಿತು. ಇಲ್ಲಿ ಗೆಲುವಿಗಿಂತ ಸೋಲನ್ನೇ ಹೆಚ್ಚಾಗಿ ಕಂಡ ತರಬೇತುದಾರನು ಅವನೊಬ್ಬನೇ. ಅದಕ್ಕಾಗಿ ಅವನು ವ್ಯಥೆಪಟ್ಟಂತೆ ಕಾಣೆನು. ಬ್ಯಾಸ್ಕೆಟ್‌ಬಾಲ್ ಆಡತಕ್ಕದ್ದೇ ಹೊರತು ಕಲಿಸತಕ್ಕದ್ದಲ್ಲವೆಂದು ಅವನು ಶಿಷ್ಯನಾದ ಫಾಗ್ ಅಲೆನ್‌ನಿಗೆ ಹೇಳಿದನೆಂದು ಪ್ರತೀತಿಯಿದೆ. ಶಿಷ್ಯನಾದರೋ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡು, ಕಾನ್ಸಾಸ್ ತಂಡಕ್ಕೆ 590 ಜಯಗಳನ್ನು ತಂದುಕೊಟ್ಟನು.

ತನ್ನ ಹೆಸರಿನ ಮಂದಿರದಲ್ಲಿ ಅಲೆನ್‌ನಿಗೆ ದೊರೆತ ಕಾಲ ಮಾತ್ರ ಅತ್ಯಲ್ಪ. ಎಪ್ಪತ್ತು ವರ್ಷಕ್ಕೆ ನಿವೃತ್ತನಾಗಬೇಕೆಂಬ ನಿಯಮವು 1956ರಲ್ಲಿ ಅವನನ್ನು ಹೊರಗೆ ಕಳುಹಿಸಿತು. ಅವನೇ ಒಲಿಸಿ ಕರೆತಂದಿದ್ದ ದೀರ್ಘಕಾಯನಾದ ವಿಲ್ಟ್ ಚೇಂಬರ್ಲೇನನು ಅದೇ ವರ್ಷದ ಡಿಸೆಂಬರಿನಲ್ಲಿ, ವಿಶ್ವವಿದ್ಯಾನಿಲಯದ ಹಿರಿಯ ತಂಡದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ 52 ಅಂಕಗಳನ್ನು ಗಳಿಸಿದಾಗ, ತಂಡದ ಚುಕ್ಕಾಣಿ ಬೇರೊಬ್ಬನ ಕೈಯಲ್ಲಿತ್ತು. ನಿಯಮಗಳಿಗೆ ಕಣ್ಣಿಲ್ಲವೆಂಬುದು ಹಳೆಯ ಮಾತೇ.

ಪಂದ್ಯದ ದಿನ ಇಲ್ಲಿ ನೋಡತಕ್ಕದ್ದು ಆಟವೊಂದೇ ಅಲ್ಲ. ಎದುರಾಳಿಗಳ ಹೆಸರುಗಳನ್ನು ಘೋಷಿಸುತ್ತಿರುವಾಗ ವಿದ್ಯಾರ್ಥಿಗಳೆಲ್ಲರೂ ಪತ್ರಿಕೆಯನ್ನು ಮುಖದ ಮುಂದೆ ಬಿಡಿಸಿಕೊಂಡು, ಬಂದವರು ಯಾರೋ ಎಂಬಂತೆ ಓದುವ ನಟನೆ ಮಾಡುತ್ತಾರೆ. ತಮ್ಮವರ ಹೆಸರು ಕೇಳಿಬಂದೊಡನೆ ಅದೇ ಪತ್ರಿಕೆ ಚೂರುಚೂರಾಗಿ ಗಾಳಿಯಲ್ಲಿ ಹಾರುತ್ತದೆ. ಫಾಗ್‌ನ ಹೆಸರಿನಿಂದ ಪರಸ್ಥಳದವರನ್ನು ಬೆದರಿಸುವ ಪ್ರಸಿದ್ಧ ಫಲಕವನ್ನು 1988ರಲ್ಲಿ ಹುಡುಗರು ಬರೆದುದು, ವಿದ್ಯಾರ್ಥಿನಿಲಯದ ಬಚ್ಚಲುಮನೆಯ ಪರದೆಗಳ ಮೇಲೆ! 2017ರಲ್ಲಿ ಇಲ್ಲಿಯ ಜನಘೋಷವನ್ನು ಅಳೆದಾಗ ಅದು 130.4 ಡೆಸಿಬೆಲ್ಲುಗಳಷ್ಟಾಗಿ ಗಿನ್ನೆಸ್ ದಾಖಲೆಯನ್ನು ಸೇರಿತು. ಇಂಥ ಗದ್ದಲದ ಮನೆಯಲ್ಲಿಯೇ 1968ರ ಮಾರ್ಚಿನಲ್ಲಿ ರಾಬರ್ಟ್ ಕೆನಡಿಯವರು, ರಾಷ್ಟ್ರದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಬಾಳಿನ ಸಾರವು ಸಿಕ್ಕದೆಂದು ವಾದಿಸಿದ ತಮ್ಮ ಖ್ಯಾತ ಭಾಷಣವನ್ನು ಮಾಡಿದರೆಂಬುದು ಅನೇಕರಿಗೆ ನೆನಪಿರಲಾರದು.

ನೈಸ್ಮಿತನು ಟೈಪ್ ಮಾಡಿಸಿದ್ದ 13 ನಿಯಮಗಳ ಮೂಲಪ್ರತಿಯನ್ನು, 2010ರ ಹರಾಜಿನಲ್ಲಿ 43 ಲಕ್ಷ ಡಾಲರುಗಳಿಗೆ ಕೊಂಡ ಹಳೆಯ ವಿದ್ಯಾರ್ಥಿಯೊಬ್ಬರ ಔದಾರ್ಯದಿಂದ, ಈಗ ಪಕ್ಕದ ಡಿಬ್ರೂಸ್ ಕೇಂದ್ರದಲ್ಲಿ ಕಾಣಬಹುದು. ಆ ಎರಡು ಹಾಳೆಗಳಲ್ಲಿ ತೀರ್ಪುಗಾರರಿದ್ದಾರೆ, ನಾಯಕರಿದ್ದಾರೆ; ತರಬೇತುದಾರನ ಪ್ರಸ್ತಾಪವೇ ಇಲ್ಲ.